ಎಡಬಲಗಳ ವಿಭಾಗೀಯ ನಿರ್ಣಯ

ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ವೃತ್ತಿಗೆ ಕ್ರಮಬದ್ಧ ತರಬೇತಿ ಅತ್ಯಗತ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಅಂಥ ತರಬೇತಿಯನ್ನು ನಾನು ನಮ್ಮ ಆಸ್ಪತ್ರೆಯ ಇಇಜಿ ವಿಭಾಗದಲ್ಲಿ ಪಡೆದವನು. ಸೇರಿದಾಗ ತೊಟ್ಟಿಲಲ್ಲಿದ್ದ ಮಗಳು ಮಗ್ಗಿ ಹೇಳುವಷ್ಟು ದೊಡ್ಡವಳಾದರೂ ನಾನು ಅಭ್ಯರ್ಥಿಯಾಗಿಯೇ ಉಳಿದಿದ್ದೆ.

ತಡಕ್ಕೆ ಕಾರಣ ಯಾರ ಸೋಮಾರಿತನವೂ ಅಲ್ಲ, ನಿಯಮ. ತರಬೇತಿ ಮುಗಿಸದವರು ರೋಗಿಯ ತಲೆ ಮುಟ್ಟತಕ್ಕದ್ದಲ್ಲ. ತಲೆ ಮುಟ್ಟಿ ಪಳಗದವರ ತರಬೇತಿ ಮುಗಿಯಿತೆಂದು ಭಾವಿಸತಕ್ಕದ್ದಲ್ಲ. ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ನಮ್ಮಲ್ಲಿ ಸುತ್ತೋಲೆಯ ರೂಪಕ್ಕೆ ತರಲಾಗಿದೆ. ಪರಿಹಾರವೂ ಅದರಲ್ಲೇ ಇದೆ: ಅಭ್ಯರ್ಥಿಯು ಕನ್ನಡಿಯ ಮುಂದೆ ಕುಳಿತು ಸ್ವಂತ ತಲೆಯ ಮೇಲೆ ಅಭ್ಯಾಸ ಮಾಡತಕ್ಕದ್ದು. ಅದರಂತೆ ಟೇಪು ಹಿಡಿದು ನನ್ನ ತಲೆಯನ್ನು ನಾನೇ ಅಳೆದು, ಗುರುತು ಹಾಕಿ, ಅಂಟು ಹಚ್ಚಿ ಎಲೆಕ್ಟ್ರೋಡು ಕೂರಿಸುತ್ತಾ ಬಂದೆ. ತಲೆಯೊಳಗೆ ಏನು ಸೇರಿತೋ ಗೊತ್ತಿಲ್ಲ, ಮೇಲಿದ್ದ ಕೂದಲಂತೂ ಹೋಯಿತು.

ಕೊನೆಗೆ ಮುಖ್ಯಸ್ಥರ ಸಮಕ್ಷಮದಲ್ಲಿ ರೋಗಿಗಳ ತಲೆ ಮುಟ್ಟಲು ಅಪ್ಪಣೆಯಾಯಿತು. ನನ್ನ ಕೆಲಸದಲ್ಲಿ ಒಂದು ದೂರೂ ಬರಲಿಲ್ಲ. ಉಳಿದದ್ದು ಅಂತಿಮ ಪರೀಕ್ಷೆ. ಅದರಲ್ಲಿ ನಪಾಸಾದರೆ ವಯೋಮಿತಿ ಮೀರುತ್ತಿತ್ತು. ಆಮೇಲೆ ಮಾವನವರ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುವುದೇ ಗತಿ. “ಟ್ಯೂಬೂ ಒಂಥರಾ ನರಾನೇ ಅಳಿಯಂದಿರೇ, ಬೇಜಾರು ಮಾಡ್ಕೋಬೇಡಿ” ಎಂದು ಅವರು ಆಗಲೇ ಸಮಾಧಾನ ಹೇಳತೊಡಗಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಹೀಗಿರುವಾಗ ಹೆಂಡತಿಗೆ ಕಿವಿನೋವು ಬಂತು. ಎದುರು ಕೂರಿಸಿಕೊಂಡು ಔಷಧಿ ಹನಿ ಹಾಕಿದೆ.

“ಎಡಗಿವಿ ನೋವು ಅಂದ್ರೆ ಬಲಗಿವಿಗೆ ಹಾಕ್ತಿದ್ದೀರಲ್ರೀ!”

“ಇದೇ ಕಣೇ ಎಡ. ಆಸ್ಪತ್ರೇಲಿ ದಿನಾ ಮಾಡೋ ಕೆಲಸ, ನನಗೆ ಗೊತ್ತಿಲ್ವಾ?”

“ಕಿವಿ ನಂದು, ನನಗೆ ಗೊತ್ತಿಲ್ವಾ?”

ಆಗ ಹೊಳೆಯಿತು. ಕನ್ನಡಿಯಲ್ಲಿ ನನ್ನ ಎಡಕ್ಕೆ ಕಾಣುವುದು ನನ್ನದೇ ಎಡ. ಎದುರು ಕೂತವರಲ್ಲಿ ನನ್ನ ಎಡಕ್ಕಿರುವುದು ಅವರ ಬಲ. ಇಷ್ಟು ಕಾಲ ರೋಗಿಗಳ ತಲೆಗೆ ಎಲ್ಲವನ್ನೂ ಉಲ್ಟಾ ಅಂಟಿಸಿದ್ದೆ. ನಾಚಿಕೆಯಿಂದ ಊಟ ಸೇರಲಿಲ್ಲ.

ಮರುದಿನ ಬಸ್ ಡ್ರೈವರೊಬ್ಬರು ಬಂದರು. ಹಿಂದೆಂದೋ ತಲೆಯ ಎಡಕ್ಕೆ ಏಟು ಬಿದ್ದು, ಈಗ ಫಿಟ್ಸ್ ಬರುತ್ತಿತ್ತು. ಅವರಿಗೆ ಸರಿಯಾದ ಕಡೆಗೇ ಅಂಟಿಸಿದೆ. ಅಲೆಗಳನ್ನು ನೋಡಿದ ಮುಖ್ಯಸ್ಥರು ದೋಷ ಬಲಕ್ಕಿದೆ ಎಂದರು. ಡ್ರೈವರು ಎಡಗಡೆಯ ಗಾಯದ ಕಲೆಯನ್ನು ತೋರಿಸಿದರು. ಮುಖ್ಯಸ್ಥರು ನನ್ನನ್ನು ಒಳಗೆ ಕರೆದರು.

“ಇಷ್ಟು ವರ್ಷ ಆಗದ ತಪ್ಪು ಇವತ್ತು ಹೇಗ್ರೀ ಆಯ್ತು?”

“ಇವತ್ತು ಸರಿಯಾಗಿ ಅಂಟಿಸಿದೆ ಸಾರ್.”

“ಹಾಗೆ ಮಾಡಿ ಅಂತ ಯಾರು ಹೇಳಿದ್ದು?”

ಆಗ ತಿಳಿಯಿತು: ಅವರು ಕಲಿತದ್ದೂ ಅದೇ ಕನ್ನಡಿಯಲ್ಲಿ, ಅವರ ಗುರುಗಳು ಕಲಿತದ್ದೂ ಅದರಲ್ಲೇ. ಅಂಟಿಸುವವರು ಉಲ್ಟಾ ಅಂಟಿಸುತ್ತಾರೆ, ಓದುವವರು ಉಲ್ಟಾ ಓದುತ್ತಾರೆ, ವರದಿ ಸರಿಯಾಗಿ ಬರುತ್ತದೆ.

“ಎರಡು ತಪ್ಪು ಹೊಂದ್ಕೊಂಡು ಹೋಗೋಕೆ ಎಷ್ಟು ಕಷ್ಟ ಪಟ್ಟಿದೀವಿ ಗೊತ್ತೇನ್ರೀ? ಮಧ್ಯದಲ್ಲಿ ನೀವೊಬ್ಬರು ಸರಿಯಾದ್ರೆ ರೋಗಿ ಗತಿ ಏನು? ಮಿದುಳು ತಾನೇ ಎಡಭಾಗದಿಂದ ಬಲಗೈ ಆಡಿಸುತ್ತೆ. ಅದಕ್ಕೆ ಯಾರಾದ್ರೂ ಮೆಮೋ ಕೊಟ್ಟಿದ್ದಾರಾ?”

ಮಿದುಳಿಗೆ ಕೊಟ್ಟಿರಲಿಲ್ಲ; ನನಗೆ ಕೊಟ್ಟರು. ಪೂರ್ವಾನುಮತಿಯಿಲ್ಲದೆ ಸರಿಯಾಗಿ ನಡೆದುಕೊಂಡಿದ್ದಕ್ಕೆ ಎಂದಿತ್ತು. ಡ್ರೈವರಿಗೆ ಮತ್ತೊಮ್ಮೆ, ಉಲ್ಟಾ ಅಂಟಿಸಿ ಪರೀಕ್ಷೆ ಮಾಡಿ, ಸರಿಯಾದ ವರದಿ ಕೊಟ್ಟೆವು. ಸಂಜೆಯೊಳಗೆ ಗೋಡೆಗೆ ಪ್ರಕಟಣೆ ಬಂತು: “ಈ ವಿಭಾಗದ ಹೊಸ್ತಿಲೊಳಗೆ ಎಡವನ್ನು ಬಲವೆಂದೂ, ಬಲವನ್ನು ಎಡವೆಂದೂ ತಿಳಿಯತಕ್ಕದ್ದು. ಹೊರಗೆ ಹೋದ ಮೇಲೆ ಅವರವರ ಇಷ್ಟ.”

ಅಂತಿಮ ಪರೀಕ್ಷೆಗೆ ಹೊರಗಿನ ಆಸ್ಪತ್ರೆಯಿಂದ ಪರೀಕ್ಷಕಿ ಬಂದರು. ನಾನು ಟೇಪನ್ನು ಸುಮ್ಮನೆ ಸುತ್ತಿ ಬಿಚ್ಚಿ ಮಾಡುತ್ತಿದ್ದುದನ್ನು ಕಂಡು, ಪಾಪ, ಸುಲಭದ ಪ್ರಶ್ನೆಯಿಂದಲೇ ಶುರು ಮಾಡಿದರು.

“ರೋಗಿಗೆ ಎಡಗೈ ಎತ್ತೋಕೆ ಹೇಳ್ಬೇಕಾಗುತ್ತೆ. ಎಲ್ಲಿ, ನೀವೇ ಎತ್ತಿ ತೋರಿಸಿ?”

ಮುಖ್ಯಸ್ಥರು ನನ್ನನ್ನೇ ನೋಡುತ್ತಿದ್ದರು. ನನ್ನ ಕಣ್ಣಿಗೆ ಸೈಕಲ್ ಟ್ಯೂಬುಗಳ ರಾಶಿ ಕಂಡಿತು. ಬಲಗೈ ಎತ್ತಿದೆ.

“ಅದು ಬಲಗೈ ಅಲ್ವೇನ್ರೀ?” ಎಂದು ಅವರು ತಮ್ಮ ಎಡಗೈಯನ್ನು ಅರ್ಧ ಎತ್ತಿ ತೋರಿಸಿದರು.

ಮುಖ್ಯಸ್ಥರು ಗಂಭೀರವಾಗಿ ತಮ್ಮ ಬಲಗೈ ಎತ್ತಿದರು. ಟೆಕ್ನೀಷಿಯನ್ನರು ಎತ್ತಿದರು, ಆಯಾ ಎತ್ತಿದರು. ಬಾಗಿಲಲ್ಲಿ ಸರದಿಗೆ ಕಾಯುತ್ತಿದ್ದ ರೋಗಿಗಳೂ, ಎತ್ತದಿದ್ದರೆ ಸರದಿ ತಪ್ಪೀತೆಂದು ಒಬ್ಬೊಬ್ಬರಾಗಿ ಎತ್ತಿದರು.

ಪರೀಕ್ಷಕಿ ಸುತ್ತ ಕಣ್ಣಾಡಿಸಿದರು. ತಮ್ಮ ಎಡಗೈಯನ್ನು ಮೆಲ್ಲಗೆ ಕೆಳಗಿಳಿಸಿ ಬಲಗೈ ಎತ್ತಿದರು.

“ಕ್ಷಮಿಸಿ, ನಾನು ಕಲಿತದ್ದು ಬೇರೆ ಕಡೆ” ಎಂದು ನನ್ನನ್ನು ಪಾಸು ಮಾಡಿದರು.