ಕಮಲಾಪುರದ ಸ್ಮಾರಕವೂ ಶಿವಲಿಂಗಮ್ಮನ ಕೌದಿಯೂ

ಕ್ಯಾಮೆರಾ ಕೊಂಡ ಮನುಷ್ಯನಿಗೆ ಮೊದಲು ಹತ್ತುವ ರೋಗವೆಂದರೆ ಕಂಡಕಂಡವರಿಗೆ ‘ಸ್ವಲ್ಪ ಆಚೆ ಸರಿಯಿರಿ’ ಎನ್ನುವುದು. ಅಲ್ಲಿಯವರೆಗೆ ನನಗೆ ಆ ಧೈರ್ಯ ಇರಲಿಲ್ಲ. ಕಲಬುರಗಿಯ ಶಹಾಬಜಾರದ ನಮ್ಮ ಓಣಿಯಲ್ಲಿ ಎಮ್ಮೆ ಅಡ್ಡ ನಿಂತರೂ ತಾನಾಗಿ ಹೋಗಲೆಂದು ಕಾಯುವ ಹೈಸ್ಕೂಲ್ ಮಾಸ್ತರ ನಾನು. ಕ್ಯಾಮೆರಾ ಕುತ್ತಿಗೆಗೆ ಬಿದ್ದದ್ದೇ ತಡ, ಮದುವೆಮನೆಯಲ್ಲಿ ಬೀಗರನ್ನೇ ಬದಿಗೆ ಸರಿಸಿದೆ.

ಇಂಥ ನನಗೆ ನಮ್ಮೂರಿನ ಹತ್ತಿರದ ಕಮಲಾಪುರದ ಸ್ಮಾರಕವೊಂದನ್ನು ಬೇಸಿಗೆ, ಮಳೆ, ಚಳಿ ಮೂರೂ ಕಾಲದಲ್ಲಿ ಒಂದೇ ಜಾಗದಿಂದ ತೆಗೆಯುವ ಹುಕಿ ಬಂತು. ಸ್ವಾತಂತ್ರ್ಯಕ್ಕಾಗಿ ಮಡಿದವರ ಹೆಸರು ಕೆತ್ತಿದ ಕಪ್ಪು ಕಲ್ಲಿನ ಕಂಬ, ಸುತ್ತ ಕಟ್ಟೆ, ಕಬ್ಬಿಣದ ಸರಪಳಿ. ಕಲಬುರಗಿಯ ಕ್ಯಾಮೆರಾ ಗೆಳೆಯರೆಲ್ಲ ಸೇರಿ ಚಳಿಗಾಲದ ಕೊನೆಗೆ ಪ್ರದರ್ಶನ ಇಡುವವರಿದ್ದೆವು. ನನ್ನ ಹೆಂಡತಿ, “ನಮ್ಮ ಕಡೆ ಇರೋದು ಒಂದೇ ಕಾಲ, ಬ್ಯಾಸಗಿ. ಒಂದು ಫೋಟೋ ಸಾಕಾಗಂಗಿಲ್ಲೇನ್ರಿ?” ಎಂದಳು. ಕಲೆ ಇವಳಿಗೇನು ತಿಳಿಯುತ್ತದೆ ಎಂದುಕೊಂಡು ಬಸ್ಸು ಹತ್ತಿದೆ.

ಮೊದಲ ಸಲ ಹೋದದ್ದು ಏಪ್ರಿಲ್‌ನಲ್ಲಿ. ಕಟ್ಟೆಯ ತುಂಬ ಶಾವಿಗೆ! ಎದುರು ಮನೆಯ ಶಿವಲಿಂಗಮ್ಮ, ಅರವತ್ತು ದಾಟಿದ ಗಟ್ಟಿ ಹೆಂಗಸು, ಹಳೆಯ ಸೀರೆ ಹಾಸಿ ಒಣಗಿಸಿದ್ದಳು. ನನ್ನೊಳಗಿನ ಮಾಸ್ತರ ಎದ್ದು ಕೂತ. “ಯವ್ವಾ, ಇಲ್ಲಿ ಶಾವಿಗಿ ಒಣಗಿಸೋದು ಸತ್ತವರಿಗೆ ಅವಮಾನ ಮಾಡಿದಂಗ” ಎಂದು ಶುರುಮಾಡಿ, ತ್ಯಾಗ, ಬಲಿದಾನ, ನಾಗರಿಕರ ಕರ್ತವ್ಯ ಎಲ್ಲವನ್ನೂ ಒಂದು ಪೀರಿಯಡ್ಡಿನಷ್ಟು ಹೇಳಿದೆ. ಆಕೆ ಪೂರ್ತಿ ಕೇಳಿ, “ಇದರಾಗ ಮೂರನೇ ಹೆಸರು ನಮ್ಮ ಮುತ್ಯಾಂದು ರೀ. ದಿನಾ ಕಸ ಹೊಡದು ನೀರು ಹಾಕಾಕಿ ನಾನೇ. ಮೊಮ್ಮಗಳು ನಾಕು ಎಳಿ ಶಾವಿಗಿ ಒಣಗಿಸಿದ್ರ ಮುತ್ಯಾ ಬ್ಯಾಡ ಅಂತಾನೇನ್ರಿ?” ಎಂದಳು.

ಮರ್ಯಾದೆಯಿದ್ದವನಾಗಿದ್ದರೆ ಅಲ್ಲಿಂದಲೇ ಹಿಂದಿರುಗಬೇಕಿತ್ತು. ನಾನು, “ಈ ಫೋಟೋ ಕಲಬುರಗಿಯಾಗ ದೊಡ್ಡದೊಡ್ಡವರು ನೋಡ್ತಾರವ್ವಾ” ಎಂದೆ. ಆಕೆ ಒಂದು ಗಳಿಗೆ ಕಂಬದ ಕಡೆ ನೋಡಿದಳು. ಆಮೇಲೆ ಸೀರೆಯ ನಾಲ್ಕೂ ಮೂಲೆ ಹಿಡಿದೆತ್ತಿದಳು. ಅರ್ಧ ಶಾವಿಗೆ ಪುಡಿಯಾದ ಸದ್ದು ನನಗೂ ಕೇಳಿಸಿತು.

ಮಳೆಗಾಲದಲ್ಲಿ ಸರಪಳಿಯ ತುಂಬ ಓಣಿಯವರ ಒದ್ದೆ ಅರಿವೆ. ತೆಗೆಸಿದೆ. ಮೋಡ ಕಲ್ಲಿನ ಗಾಂಭೀರ್ಯಕ್ಕೆ ಅಡ್ಡಿಯೆನಿಸಿ, ಅದು ಸರಿದು ಬಿಸಿಲು ಬರಲೆಂದು ಎರಡು ತಾಸು ಕಾದೆ. ಚಳಿಗಾಲದಲ್ಲಿ ಕಟ್ಟೆಯ ಮೇಲೆ ಹಳೆ ಬಟ್ಟೆಯ ಕೆಂಪು, ಹಳದಿ, ಹಸಿರು ಚೂರು ಸೇರಿಸಿ ಹೊಲಿದ ಕೌದಿ ಬಿಸಿಲಿಗೆ ಹಾಸಿತ್ತು, ಅದರ ಮೇಲೆ ಶಿವಲಿಂಗಮ್ಮ. ಎರಡನ್ನೂ ಎಬ್ಬಿಸಿದೆ. ಉದುರಿದ ಬೇವಿನ ಎಲೆಯನ್ನು ನಾನೇ ಗುಡಿಸಿದೆ.

ಪ್ರದರ್ಶನ ನಡೆದದ್ದು ಐವಾನ್-ಎ-ಶಾಹಿ ಅತಿಥಿಗೃಹದ ಹತ್ತಿರದ ಒಂದು ಹಾಲಿನಲ್ಲಿ. ನೆಹರು ಗಂಜ್ ಮಾರುಕಟ್ಟೆಯ ತೊಗರಿ ವ್ಯಾಪಾರಿಯೊಬ್ಬರು ಕೈ ಹಿಂದೆ ಕಟ್ಟಿಕೊಂಡು ನನ್ನ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತರು. ನನ್ನ ಎದೆ ಉಬ್ಬಿತು. “ಮಾಸ್ತರ್, ಒಂದೇ ಫೋಟೋ ಮೂರು ಸಲ ಯಾಕ ಹಚ್ಚೀರಿ?” ಎಂದರು. “ಒಂದು ಬ್ಯಾಸಗಿ, ಒಂದು ಮಳಿಗಾಲ, ಒಂದು ಥಂಡಿ ರೀ.” “ಹೌದೇನು! ಯಾವುದು ಯಾವುದು?” ತೋರಿಸಲು ಬೆರಳೆತ್ತಿದೆ. ಬೆರಳು ಗಾಳಿಯಲ್ಲೇ ನಿಂತಿತು. ಕಪ್ಪು ಕಲ್ಲು, ನೀಲಿ ಆಕಾಶ, ಕಪ್ಪು ಕಲ್ಲು, ನೀಲಿ ಆಕಾಶ. ಆ ಜಾಗದಲ್ಲಿ ಕಾಲ ಬದಲಾದದ್ದು ಶಿವಲಿಂಗಮ್ಮನ ಓಣಿಯವರು ಕಟ್ಟೆ, ಸರಪಳಿಯ ಮೇಲೆ ಹಾಕಿದ್ದರಲ್ಲಿ ಮಾತ್ರ. ಅದನ್ನು ನಾನು ಮೂರು ಸಲವೂ ಎತ್ತಿಸಿದ್ದೆ.

ಮರುಭಾನುವಾರವೇ ಕಮಲಾಪುರಕ್ಕೆ ಓಡಿದೆ, ಕೌದಿಯನ್ನಾದರೂ ಹಾಸಿಸಿ ಒಂದು ಫೋಟೋ ತೆಗೆಯೋಣವೆಂದು. ಸ್ಮಾರಕ ಥಳಥಳ ಹೊಳೆಯುತ್ತಿತ್ತು. ಸರಪಳಿಯ ಮೇಲೆ ಒಂದು ಕರವಸ್ತ್ರವೂ ಇಲ್ಲ. “ಯವ್ವಾ, ನಿನ್ನ ಕೌದಿ...” ಎಂದು ಬಾಯಿ ತೆರೆಯುವಷ್ಟರಲ್ಲಿ ಶಿವಲಿಂಗಮ್ಮ, “ಅದನ್ನ ಮನಿ ಮಾಳಗಿ ಮ್ಯಾಲೆ ಹಾಕ್ತೀನ್ರಿ ಈಗ. ನೀವು ಅಂದಿದ್ದು ಖರೇ ಅದ, ಮುತ್ಯಾಗ ಮರ್ಯಾದಿ ಕೊಡಬೇಕು. ಛಲೋ ಆತು ಬಂದ್ರಿ. ಬಾಜೂ ಮನಿಯಾಕಿ ನನ್ನ ಮಾತು ಕೇಳವಲ್ಲಳು. ನೀವೇ ಆ ಭಾಷಣ ಇನ್ನೊಮ್ಮೆ ಹೇಳ್ರಿ” ಎಂದಳು.

ಬಾಜೂ ಮನೆಯಾಕೆ ಹೆಗಲ ಮೇಲೆ ಕೌದಿ ಹೊತ್ತು ಕಟ್ಟೆಯ ಹತ್ತಿರವೇ ಬಂದಿದ್ದಳು. ನವಿಲಿನ ಬಣ್ಣದ್ದು, ಅಂಚಿಗೆಲ್ಲ ಕೆಂಪು ದಾರ. ಶಿವಲಿಂಗಮ್ಮ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ತ್ಯಾಗದಿಂದ ಶುರುಮಾಡಿದೆ. ನಾನು ಮರೆತ ಕಡೆಯಲ್ಲೆಲ್ಲ ಶಿವಲಿಂಗಮ್ಮನೇ ಮಾತು ಎತ್ತಿಕೊಟ್ಟಳು. ಬಲಿದಾನಕ್ಕೆ ಬರುವಷ್ಟರಲ್ಲಿ ಆ ಕೌದಿ ತಿರುಗಿ ಮನೆಯೊಳಗೆ ಹೋಯಿತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ, ನನ್ನ ಪಾಠವನ್ನು ಒಬ್ಬರಾದರೂ ಇಷ್ಟು ಚೆನ್ನಾಗಿ ಕಲಿತದ್ದು ಇದೇ ಮೊದಲು.