ಹನ್ನೆರಡನೆಯ ಗ್ರಂಥಿಯ ವಿಷಯವಾಗಿ ವರದಿ ತಂತ್ರಾಂಶಕ್ಕೆ

ಮಾನ್ಯ ತಂತ್ರಾಂಶದವರೇ,

ಮೂರು ತಿಂಗಳಿಂದ ನಮ್ಮ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಬೀಡುಬಿಟ್ಟು, ಇಪ್ಪತ್ತಾರು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ತೇಯ್ದ ನನಗೆ ಕ್ಯಾನ್ಸರ್ ವರದಿ ಬರೆಯಲು ಕಲಿಸುತ್ತಿರುವ ತಮಗೆ ಈ ವೈದ್ಯೆಯ ಸವಿನಯ ನಮಸ್ಕಾರಗಳು. ತಾವು ಆಕಳಿಸುವುದಿಲ್ಲ, ಊಟಕ್ಕೆ ಏಳುವುದಿಲ್ಲ, ಒಂದು ಖಾನೆ ಖಾಲಿ ಬಿಟ್ಟರೂ ಕೆಂಪಗಾಗುತ್ತೀರಿ. ನಮ್ಮ ಮಾವನವರನ್ನು ಬಿಟ್ಟರೆ ಇಷ್ಟು ಶಿಸ್ತಿನವರನ್ನು ನಾನು ಕಂಡಿಲ್ಲ.

ಕಳೆದ ವಾರ ಬಸ್ ಚಾಲಕರೊಬ್ಬರ ದೊಡ್ಡ ಕರುಳಿನ ತುಂಡು ಬಂತು. ಗೆಡ್ಡೆ ಅಳೆದೆ, ಕತ್ತರಿಸಿದ ಅಂಚುಗಳನ್ನು ನೋಡಿದೆ, ಸುತ್ತಲಿನ ಕೊಬ್ಬನ್ನು ಬೆರಳಲ್ಲಿ ಹಿಸುಕಿ ಹಿಸುಕಿ ಕ್ಯಾನ್ಸರ್ ಮೊದಲು ಹರಡುವ ದುಗ್ಧಗ್ರಂಥಿಗಳನ್ನು ಹನ್ನೊಂದು ಹುಡುಕಿದೆ. ಒಂದಕ್ಕೂ ಕ್ಯಾನ್ಸರ್ ಹರಡಿರಲಿಲ್ಲ. ನಾಲ್ಕು ದಿನದಿಂದ ಪ್ರಯೋಗಾಲಯದ ಕಿಟಕಿಯ ಬಳಿ ನಿಲ್ಲುತ್ತಿದ್ದ ಅವರ ಹೆಂಡತಿ, "ಗೆಡ್ಡೆ ತೆಗೆದಾಯ್ತಲ್ಲ, ಇನ್ನೂ ಏನ್ ಹುಡುಕ್ತಿದೀರಿ ಮೇಡಂ?" ಎಂದಾಗ ಕರಗಿಹೋಗಿ, ವರದಿ ಮುಗಿಯುವ ಮೊದಲೇ, "ಎಲ್ಲಾ ಕ್ಲೀನಾಗಿದೆ, ಕೀಮೋ ಬೇಕಾಗಲ್ಲ, ಧೈರ್ಯವಾಗಿ ಹೋಗಿ" ಎಂದುಬಿಟ್ಟೆ.

ತಾವು ಮಾತ್ರ ಕರಗಲಿಲ್ಲ. 'ಕನಿಷ್ಠ ಹನ್ನೆರಡು ಗ್ರಂಥಿ ಬೇಕು' ಎಂದು ಮಿನುಗಿದಿರಿ. ಹನ್ನೊಂದೇ ಏಕೆಂದು ಕಾರಣ ಬರೆಯಹೊರಟರೆ 'ಕೊಬ್ಬನ್ನು ಮತ್ತೊಮ್ಮೆ ಪರೀಕ್ಷಿಸಲಾಗಿದೆಯೇ?' ಎಂದು ಕೇಳಿದಿರಿ. ಆದ್ದರಿಂದ ನನ್ನದೊಂದು ಬಿನ್ನಹ: ತಾವೇ ಒಮ್ಮೆ ಕೈಗವಸು ತೊಟ್ಟು ಆ ಕೊಬ್ಬಿನಲ್ಲಿ ಕೈಯಾಡಿಸಬೇಕು, ಫಾರ್ಮಲಿನ್ ಘಾಟಿಗೆ ಕಣ್ಣೀರು ಸುರಿಸಬೇಕು, ಆಮೇಲೆ ಮನೆಗೆ ಹೋಗಿ, ಕೈವಾಸನೆಗೆ ಮೂಗು ಮುಚ್ಚಿಕೊಳ್ಳುವ ಮೊಮ್ಮಗಳನ್ನು ಎತ್ತಿಕೊಂಡು ತೋರಿಸಬೇಕು.

'ಹೌದು' ಎಂದು ಸುಳ್ಳು ಒತ್ತಲು ಬೆರಳು ಎತ್ತಿದ್ದೆ. ಒತ್ತಲಾಗದೆ, ತಮ್ಮ ಮೇಲಿನ ಸಿಟ್ಟಿಗೇ ಎದ್ದು ಹೋಗಿ, ಆ ಕೊಬ್ಬನ್ನೆಲ್ಲ ಮತ್ತೆ ಜಾಲಾಡಿದೆ. ಸಾಸಿವೆಗಿಂತ ತುಸು ದೊಡ್ಡ ಗ್ರಂಥಿಯೊಂದು ಸಿಕ್ಕಿತು. ಅದರ ಸ್ಲೈಡ್ ತಯಾರಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರಲ್ಲಿ ಕ್ಯಾನ್ಸರ್ ಇತ್ತು. ಈಗ ಚಾಲಕರಿಗೆ ಕೀಮೋ ಬೇಕೇ ಬೇಕು. ತಾವು ಗೆದ್ದಿರಿ. ಮೊದಲು ನನಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ಕಿಟಕಿಯ ಬಳಿ ನಾನಾಡಿದ ಮಾತು ನೆನಪಾಯಿತು.

ಬೇರೆ ದಾರಿ ಕಾಣದೆ,
ತಮ್ಮ ವಿಶ್ವಾಸಿ,
ಪ್ರಯೋಗಾಲಯದ ಹಿರಿಯ ವೈದ್ಯೆ

ತಾ.ಕ.: ವರದಿ ಒಪ್ಪಿಸಿದ ಕೂಡಲೇ ತಾವು ಹಸಿರಾಗಿ 'ಅಭಿನಂದನೆಗಳು, ತಮ್ಮ ಕೆಲಸ ಮುಗಿದಿದೆ' ಎಂದಿರಿ. ಆಡಿದ ಮಾತನ್ನು ಅಳಿಸುವ ಗುಂಡಿ ತಮ್ಮಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಚಾಲಕರ ಹೆಂಡತಿ ಬಂದಿದ್ದಾರೆ, ಧನ್ಯವಾದ ಹೇಳಿ ಹೋಗಲು.