ಎರಡು ಮೀಟರು, ಒಂದು ಏಸಿ

ಈ ಎಲ್ಲ ರಗಳೆಗೂ ಮೂಲ ಒಂದು ತಿರುಪು. ಅದೂ ಸಾಸಿವೆ ಕಾಳಿನ ಅರ್ಧದಷ್ಟಿರುವ ತಿರುಪು.

ಗಡಿಯಾರ ರಿಪೇರಿ ಅಂಗಡಿಯಲ್ಲಿ ಫ್ಯಾನ್ ಹಾಕುವಂತಿಲ್ಲ. ಹಾಕಿದರೆ ಬಿಚ್ಚಿಟ್ಟ ತಿರುಪು ಹಾರಿಹೋಗುತ್ತದೆ, ಆಮೇಲೆ ಮೇಜಿನ ಕೆಳಗೆ ಮೊಣಕಾಲೂರಿ ಹುಡುಕಬೇಕು. ಹಾಗಾಗಿ ಬೀದಿಯವರೆಲ್ಲ ಗಡಿಯಾರಪ್ಪ ಎಂದು ಕರೆಯುವ ನಮ್ಮ ಕಥಾನಾಯಕ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇಪ್ಪತ್ತು ವರ್ಷದಿಂದ ಬೆವರುತ್ತಲೇ ಕೂತಿದ್ದ. ಮೈಯೋ ಎರಡಾಳಿನದು. ಅವನಿಗಿದ್ದ ಆಸೆ ಒಂದೇ: ಮನೆಯಲ್ಲಾದರೂ ಏಸಿ ಹಾಕಿಕೊಂಡು ಗಡಗಡ ನಡುಗುತ್ತ ಮಲಗಬೇಕು.

“ಕರೆಂಟ್ ಬಿಲ್ ಯಾರು ಕಟ್ತಾರೆ?” ಎಂದಳು ಹೆಂಡತಿ. ಅವಳು ಹೈಸ್ಕೂಲಿನ ಗಣಿತದ ಟೀಚರ್. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಬೆನ್ನು ನೋಡಿಯೇ ಹಿಡಿಯುವವಳೆಂದು ಹೆಸರಾಗಿದ್ದಳು.

“ಸೂರ್ಯ ಕಟ್ತಾನೆ” ಎಂದ ಗಡಿಯಾರಪ್ಪ.

ಅಲ್ಲಿಂದ ಎರಡು ತಿಂಗಳು ಅಡುಗೆಮನೆಯ ಕರಿಹಲಗೆಯ ಮೇಲೆ ಸೋಲಾರಿನ ಲಾಭ ನಷ್ಟದ ಚರ್ಚೆ ನಡೆಯಿತು. ಅವನು ಎಡಗಡೆ ‘ಬಿಲ್ ಇಳಿಯುತ್ತೆ’ ಎಂದು ಬರೆದರೆ ಅವಳು ಬಲಗಡೆ ‘ಬಟ್ಟೆ ಒಣಗಿಸೋ ಜಾಗ ಹೋಗುತ್ತೆ’ ಎಂದು ಬರೆಯುವಳು. ಅವನು ‘ಇಪ್ಪತ್ತೈದು ವರ್ಷ ಬಾಳಿಕೆ’ ಎಂದರೆ ಅವಳು ‘ನಾವೂ ಅಷ್ಟು ಬಾಳಿಕೆ ಬರಬೇಕಲ್ಲ’ ಎಂದು ಬರೆದು ಅಡಿಗೆರೆ ಎಳೆಯುವಳು. ಕೊನೆಗೆ ಬೇಸತ್ತ ಸೋಲಾರ್ ಕಂಪನಿಯವನು, “ಒಂದು ವಾರ ಇಟ್ಕೊಂಡು ನೋಡಿ, ಬೇಡ ಅಂದ್ರೆ ಬಿಚ್ಕೊಂಡು ಹೋಗ್ತೀನಿ” ಎಂದು ಛಾವಣಿ ಮೇಲೆ ಮೂರು ಪ್ಯಾನೆಲ್ ಕೂರಿಸಿ ಹೋದ. ಗೋಡೆಗೆ ಎರಡು ಮೀಟರು ಬಂದವು. ಒಂದು ಸೂರ್ಯ ಕೊಟ್ಟದ್ದನ್ನು ತೋರಿಸುತ್ತಿತ್ತು, ಇನ್ನೊಂದು ಮನೆ ತಿಂದದ್ದನ್ನು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೆಂಡತಿ ಎರಡನ್ನೂ ಸೊನ್ನೆಗೆ ತಂದು, ಚೀಲ ಹೆಗಲಿಗೇರಿಸಿದಳು. “ಪೇಪರ್ ತಿದ್ದೋಕೆ ಹೋಗ್ತಿದೀನಿ, ಆರಕ್ಕೆ ಬರ್ತೀನಿ. ಸೂರ್ಯನ ಮೀಟರು ಜಾಸ್ತಿ ಇದ್ರೆ ಸೋಲಾರೂ ಇರ್ಲಿ, ಏಸಿನೂ ಬರ್ಲಿ. ಕಮ್ಮಿ ಇದ್ರೆ ನಾಳೆನೇ ಬಿಚ್ಚಿಸ್ಬೇಕು.”

ಗಡಿಯಾರಪ್ಪನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಹತ್ತು ಗಂಟೆಗೆ ನೋಡಿದರೆ ಎರಡೂ ಮೀಟರು ಅರ್ಧ ಯೂನಿಟ್ಟಿನಲ್ಲಿ ಸಮಸಮ ನಿಂತಿದ್ದವು.

“ಗಡಿಯಾರಪ್ಪಾ, ಮೋಡ ಬಂತು!” ಎದುರುಮನೆಯ ಬಾಲ್ಕನಿಯಿಂದ ನಿವೃತ್ತ ಪೋಸ್ಟ್ ಮಾಸ್ಟರು ಕೂಗಿದರು. ಮೂವತ್ತೈದು ವರ್ಷ ಊರಿನ ಕಾಗದಗಳನ್ನು ವಿಂಗಡಿಸಿದ್ದವರು ಈಗ ಬೀದಿಯ ಸುದ್ದಿಗಳನ್ನು ವಿಂಗಡಿಸುತ್ತಿದ್ದರು.

“ಮೋಡಕ್ಕೆ ನಾನೇನ್ ಮಾಡ್ಲಿ ಸಾರ್?”

“ಮೋಡ ನಿನ್ನ ಕೈಯಲ್ಲಿಲ್ಲ, ನಿಜ. ಸ್ವಿಚ್ಚು ನಿನ್ನ ಕೈಯಲ್ಲೇ ಇದೆಯಲ್ಲಪ್ಪ! ವರಮಾನ ಏರದಿದ್ರೆ ಖರ್ಚು ಇಳಿಸು!”

ಗಡಿಯಾರಪ್ಪನ ತಲೆಯಲ್ಲಿ ದೀಪ ಹತ್ತಿತು. ಅದೊಂದು ಹತ್ತಿದ್ದೇ ತಡ, ಮನೆಯ ಬೇರೆ ಎಲ್ಲವೂ ಆರಿದವು.

ಮೊದಲು ಫ್ಯಾನು. ಆಮೇಲೆ ಟಿವಿ.

“ಏನೋ ಇದು! ಅತ್ತೆ ಈಗ್ತಾನೆ ಸೊಸೆ ಹತ್ರ ಕ್ಷಮೆ ಕೇಳೋಕೆ ಬಾಯಿ ತೆಗ್ದಿದ್ಲು!” ಎಂದು ಅವನ ತಾಯಿ ಕುರ್ಚಿಯಿಂದ ಅರ್ಧ ಎದ್ದರು.

“ಎದುರುಮನೆ ಟಿವಿ ದೊಡ್ಡದಮ್ಮ. ಅಲ್ಲಿ ಪೂರ್ತಿ ಕ್ಷಮೆ ಕೇಳ್ತಾಳೆ, ನಡಿ” ಎಂದು ಅವರ ಕೈಹಿಡಿದು ಬೀದಿ ದಾಟಿಸಿ ಬಂದ.

ಫ್ರಿಜ್ಜಿನ ಪ್ಲಗ್ ಕಿತ್ತ ಅರ್ಧ ಗಂಟೆಗೆ ಅದರೊಳಗಿದ್ದ ಐಸ್‌ಕ್ರೀಮಿನ ದೊಡ್ಡ ಡಬ್ಬಿಯ ನೆನಪಾಯಿತು. ಕರಗಿಸುವುದು ಪಾಪವೆಂದು ಚಮಚ ಹಿಡಿದು ಕೂತ. ಮುಕ್ಕಾಲು ಡಬ್ಬಿ ಮುಗಿಯುವಷ್ಟರಲ್ಲಿ ಮೋಡ ಸರಿದು ಬಿಸಿಲು ಚುರುಗುಟ್ಟಿತು. ಗೆದ್ದೆ ಎಂದುಕೊಂಡು ಮೀಟರಿನ ಮುಂದೆ ನಿಂತರೆ ಸೂರ್ಯನ ಮೀಟರು ಅಲುಗುತ್ತಲೇ ಇಲ್ಲ!

ಇಪ್ಪತ್ತೆರಡು ಮೆಟ್ಟಿಲು ಏದುಸಿರಿನಲ್ಲಿ ಹತ್ತಿದ. ಪ್ಯಾನೆಲ್‌ಗಳ ಮೇಲೆ ಒದ್ದೆ ನೀಲಿ ರಜಾಯಿಯೊಂದು ಆರಾಮಾಗಿ ಮಲಗಿತ್ತು. ಪಕ್ಕದ ಛಾವಣಿಯಿಂದ ದೊಡ್ಡಮ್ಮ ನಗುತ್ತ ಇಣುಕಿದರು. ಅವರು ಬೀದಿಗೆಲ್ಲ ದೊಡ್ಡಮ್ಮ.

“ಎಂಥಾ ಒಳ್ಳೇ ಹಲಗೆ ಹಾಕ್ಸಿದೀಯಪ್ಪಾ! ಕಪ್ಪಗೆ, ಬಿಸಿಯಾಗಿ, ಇಳಿಜಾರಾಗಿ! ಒಣಗಿಸೋಕೆ ಅಂತ್ಲೇ ಮಾಡ್ಸಿದ ಹಾಗಿದೆ.”

“ಅದು ಸೋಲಾರ್, ದೊಡ್ಡಮ್ಮಾ!”

“ಅಯ್ಯೋ, ನಂಗೂ ಅದೇ ಬೇಕಾದ್ದು. ಬಿಸಿಲು ತಾನೆ?”

ರಜಾಯಿ ಎಳೆದರೆ ಪ್ಯಾನೆಲ್ ತುಂಬ ನೀಲಿ ಬಣ್ಣದ ಕಲೆ. ತೊಳೆಯೋಣವೆಂದರೆ ನಲ್ಲಿಯಲ್ಲಿ ನೀರಿಲ್ಲ, ಪಂಪ್ ಹಾಕಿದರೆ ಮನೆ ಮೀಟರು ಓಡುತ್ತದೆ. ಗಡಿಯಾರಪ್ಪ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತ. ಒಂದಲ್ಲ, ಹನ್ನೊಂದು ಬಕೆಟ್. ಪ್ರತಿ ಸಲವೂ ಪೋಸ್ಟ್ ಮಾಸ್ಟರು ಬಾಲ್ಕನಿಯಿಂದ, ಅವನ ತಾಯಿ ಅದೇ ಮನೆಯ ಕಿಟಕಿಯಿಂದ, “ಇನ್ನೊಂದು! ಇನ್ನೊಂದೇ ಒಂದು!” ಎಂದು ಹುರಿದುಂಬಿಸಿದರು. ಮನಸ್ಸು ಕರಗಿದ ದೊಡ್ಡಮ್ಮ, ಹೆಂಡತಿ ಇಸ್ತ್ರಿಗೆಂದು ಇಟ್ಟುಹೋಗಿದ್ದ ಬಟ್ಟೆಯ ರಾಶಿಯನ್ನು ತಮ್ಮ ಮನೆಗೆ ಹೊತ್ತೊಯ್ದು, ತಮ್ಮ ಕರೆಂಟಿನಲ್ಲಿ ಗರಿಗರಿ ಮಾಡಿ ತಂದರು. ಗಡಿಯಾರಪ್ಪನಿಗೆ ಕಣ್ಣು ತುಂಬಿ ಬಂತು. ಎಂಥಾ ಜನ!

ಆರು ಗಂಟೆಗೆ ಬಂದ ಹೆಂಡತಿ ಕೈಯಿಂದಲೇ ಬಾಗಿಲು ತಟ್ಟಬೇಕಾಯಿತು. ಕಾಲಿಂಗ್ ಬೆಲ್ಲಿನ ತಂತಿಯನ್ನೂ ಅವನು ಕೀಳದೆ ಬಿಟ್ಟಿರಲಿಲ್ಲ.

ಸೂರ್ಯ ಮೂರು ಯೂನಿಟ್. ಮನೆ ಅರ್ಧ.

“ಗೆದ್ದ!” ಎಂದು, ಫಲಿತಾಂಶ ನೋಡಲು ಅವನ ತಾಯಿಯ ಜೊತೆ ಬೀದಿ ದಾಟಿ ಬಂದಿದ್ದ ಪೋಸ್ಟ್ ಮಾಸ್ಟರು ಚಪ್ಪಾಳೆ ತಟ್ಟಿದರು.

ಹೆಂಡತಿ ಮೀಟರು ನೋಡಿದಳು. ಗರಿಗರಿ ಬಟ್ಟೆ ನೋಡಿದಳು. ಗಂಡನ ಮೀಸೆಯಲ್ಲಿ ಒಣಗಿದ್ದ ಐಸ್‌ಕ್ರೀಮನ್ನು ತುಸು ಹೆಚ್ಚು ಹೊತ್ತೇ ನೋಡಿದಳು.

“ಇವತ್ತು ಎಂದಿನ ಹಾಗೇ ಇದ್ರಿ ತಾನೆ? ಮೋಸ ಗೀಸ ಏನಿಲ್ವಲ್ಲ?”

“ಮೋಸಾನಾ? ಎಂದಿನ ಹಾಗೇ ಇದ್ವಿ.”

“ಸೆಖೆ? ಕಷ್ಟ?”

“ಕಷ್ಟ ಏನ್ ಬಂತು? ತಣ್ಣಗಿದ್ದೆ. ಬೇಕಾದ್ರೆ ಇವ್ರನ್ನೇ ಕೇಳು.”

“ನಾನೇ ಸಾಕ್ಷಿ” ಎಂದರು ಪೋಸ್ಟ್ ಮಾಸ್ಟರು.

“ನಂಗಂತೂ ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲಮ್ಮ” ಎಂದರು ತಾಯಿ, ಪ್ರಾಮಾಣಿಕವಾಗಿ.

ಹೆಂಡತಿಯ ಮುಖ ಅರಳಿತು. ಸೀದಾ ಕರಿಹಲಗೆಯ ಬಳಿ ಹೋಗಿ ಎರಡು ತಿಂಗಳ ಲಾಭ ನಷ್ಟವನ್ನೆಲ್ಲ ಒರೆಸಿ ಹಾಕಿದಳು.

“ಎಷ್ಟು ಸುಲಭವಾದ ಲೆಕ್ಕ, ನಾವೇ ಕಷ್ಟ ಮಾಡ್ಕೊಂಡಿದ್ವಿ! ಇಷ್ಟು ಆರಾಮಾಗಿದ್ದೂ ಹಗಲೆಲ್ಲ ಅರ್ಧ ಯೂನಿಟ್ ಸಾಕು ಅಂದ್ರೆ, ಅಷ್ಟಕ್ಕೆ ಅಷ್ಟೊಂದು ದುಡ್ಡು ಸುರಿದು ಸೋಲಾರ್ ಯಾಕೆ? ತಣ್ಣಗೇ ಇದ್ರೆ ಏಸಿ ಯಾಕೆ? ನಾಳೆಯಿಂದ ದಿನಾ ಹೀಗೇ ಇರೋಣ.”

ಗಡಿಯಾರಪ್ಪ ಬಾಯಿ ತೆಗೆದ. ನಿಜ ಹೇಳಿದರೆ ಮೋಸ ಬಯಲು, ಹೇಳದಿದ್ದರೆ ಸೆಖೆ. ತಾನು ತೋಡಿದ ಹಳ್ಳ ಇಷ್ಟು ಆಳವೆಂದು ಅವನಿಗೆ ಗೊತ್ತಿರಲಿಲ್ಲ. ತೆಗೆದ ಬಾಯಲ್ಲೇ ಸೋಲಾರ್ ಕಂಪನಿಯವನಿಗೆ ಫೋನ್ ಮಾಡಿ, “ಬಿಚ್ಕೊಂಡು ಹೋಗಿ” ಎಂದ.

ಮರುದಿನ ಕಂಪನಿಯವನು ಪ್ಯಾನೆಲ್ ಬಿಚ್ಚಿ, ಬೀದಿ ದಾಟಿಸಿ, ನೇರ ಪೋಸ್ಟ್ ಮಾಸ್ಟರ ಛಾವಣಿಗೆ ಏರಿಸಿದ. “ಇಡೀ ದಿನ ಕಣ್ಣಾರೆ ನೋಡಿದೀನಪ್ಪ, ಮೋಡದಲ್ಲೂ ಮೂರು ಕೊಟ್ತಲ್ಲ!” ಎಂದರು ಅವರು. ವಾರದೊಳಗೆ ಅಲ್ಲಿ ಏಸಿಯೂ ಬಂತು.

ಮುಂದಿನ ಭಾನುವಾರ ಮಧ್ಯಾಹ್ನ, ಅಂಗಿಯೆಲ್ಲ ಒದ್ದೆಯಾಗಿದ್ದ ಗಡಿಯಾರಪ್ಪ ತಾಯಿಯನ್ನು ಊಟಕ್ಕೆ ಕರೆಯುವ ನೆಪದಲ್ಲಿ ಎದುರುಮನೆಯ ಬಾಗಿಲು ತೆರೆದ. ಮುಖಕ್ಕೆ ತಣ್ಣನೆ ಗಾಳಿ ಸೋಕಿ ಅವನ ಕಣ್ಣು ತಾನಾಗಿ ಮುಚ್ಚಿತು. ಒಳಗೆ ಟಿವಿಯ ಮುಂದೆ ಪೋಸ್ಟ್ ಮಾಸ್ಟರು, ದೊಡ್ಡಮ್ಮ, ನಡುವೆ ಅವನ ತಾಯಿ, ಮೂವರೂ ಅದೇ ನೀಲಿ ರಜಾಯಿ ಹೊದ್ದು ಕೂತಿದ್ದರು.

“ಇಲ್ಲೇ ಊಟ ಆಯ್ತು ಕಣೋ” ಎಂದರು ತಾಯಿ, ಟಿವಿಯಿಂದ ಕಣ್ಣು ಕೀಳದೆ. “ಹೋಗ್ತಾ ಬಾಗಿಲು ಭದ್ರವಾಗಿ ಹಾಕ್ಕೊಂಡು ಹೋಗು. ತಂಪೆಲ್ಲ ಆಚೆ ಹೋಗುತ್ತೆ.”